ಹಿಮದ ಕೆರೆ ದೊಡ್ಡದಾಗುತ್ತಲೇ ಇದೆ, ನೋಡಲು ಅವಸರ ಯಾಕೆ?

ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು ಕೈಗೆ ದುಡ್ಡು ಬರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಿಂದೆ ಅದು ಕಾಶಿ, ರಾಮೇಶ್ವರ. ಆಮೇಲೆ ಚಾರ್‌ಧಾಮ್ ಬಂತು. ಈಗ ಮಕ್ಕಳು ಬೆಂಗಳೂರಿನಲ್ಲೋ ಜರ್ಮನಿಯಲ್ಲೋ ಕೆಲಸಕ್ಕಿದ್ದರೆ ಸ್ವಿಟ್ಜರ್‌ಲ್ಯಾಂಡ್, ಐಸ್‌ಲ್ಯಾಂಡ್ ಹೆಸರೂ ಕೇಳುತ್ತದೆ. ಘಟ್ಟದ ಕೆಳಗೆ ಕಾರವಾರ, ಕುಮಟಾದ ಹುಡುಗರು ಬೈಕ್ ಹತ್ತಿ ಲಡಾಖ್‌ಗೆ ಹೋಗುತ್ತಾರೆ, ಹಿಮಾಚಲದಲ್ಲಿ ಟ್ರೆಕ್ ಮಾಡುತ್ತಾರೆ. ಇವರೆಲ್ಲರ ಮೊಬೈಲ್‌ಗೂ ಬರುವ ಜಾಹೀರಾತಿನ ಧಾಟಿ ಮಾತ್ರ ಒಂದೇ. ಕರಗಿ ಹೋಗುವ ಮೊದಲು ಒಮ್ಮೆ ನೋಡಿ ಬನ್ನಿ, ಅಷ್ಟೇ.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಹಿಮನದಿಗಳು ಕರಗುತ್ತಿವೆ, ಅದರಲ್ಲಿ ಅನುಮಾನ ಇಲ್ಲ. ಜಗತ್ತಿನ ಹಿಮನದಿಗಳ ಲೆಕ್ಕ ಹಾಕಿದ ವಿಜ್ಞಾನಿಗಳು 2025ರಲ್ಲಿ ಹೇಳಿದ ಪ್ರಕಾರ, 2000ದಿಂದ 2023ರವರೆಗೆ ವರ್ಷಕ್ಕೆ ಸರಾಸರಿ 27,300 ಕೋಟಿ ಟನ್ ಹಿಮ ಹೋಗಿದೆ. ಅಷ್ಟು ವರ್ಷಗಳಲ್ಲಿ ಇದ್ದುದರ ಸುಮಾರು ಶೇ 5ರಷ್ಟು ಖಾಲಿ. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ರಕ್ಷಣೆಯ ವರ್ಷ ಎಂದು ಕರೆದು, ಮಾರ್ಚ್ 21ನ್ನು ಹಿಮನದಿಗಳ ದಿನ ಎಂದು ಗೊತ್ತು ಮಾಡಿದ್ದೂ ಇದೇ ಕಾರಣಕ್ಕೆ.

ಆದರೆ ಜಾಹೀರಾತಿನಲ್ಲಿ ತೋರಿಸುವ ಚಿತ್ರ ಹೆಚ್ಚಾಗಿ ಹಿಮನದಿಯದ್ದಲ್ಲ. ಅದರ ಮುಂದಿನ ಕೆರೆಯದ್ದು. ನೀಲಿ ಹಿಮಬಂಡೆಗಳು ತೇಲುವ ತಣ್ಣನೆಯ ನೀರು, ಅದರ ನಡುವೆ ಕೆಂಪು ಜಾಕೆಟ್ ಹಾಕಿಕೊಂಡ ಪ್ರವಾಸಿಗರ ದೋಣಿ. ಈ ಕೆರೆ ಎಲ್ಲಿಗೂ ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ. ನಾವು ದುಡ್ಡು ಕೊಟ್ಟು ನೋಡಲು ಹೋಗುವುದೇ ಕರಗುವಿಕೆಯನ್ನು. ಇದು ಗೊತ್ತಿದ್ದರೆ ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು, ಎಲ್ಲಿ ದೂರ ನಿಲ್ಲಬೇಕು ಎಂಬ ಲೆಕ್ಕ ಪೂರ್ತಿ ಬದಲಾಗುತ್ತದೆ.

ಐಸ್‌ಲ್ಯಾಂಡ್‌ನ ದಕ್ಷಿಣ ಕರಾವಳಿಯ ಯೊಕುಲ್ಸಾರ್ಲೋನ್ ಕೆರೆಯನ್ನೇ ನೋಡಿ. 1930ರ ದಶಕಕ್ಕೆ ಮೊದಲು ಅಲ್ಲಿ ಕೆರೆ ಅನ್ನುವಂಥದ್ದು ಇರಲಿಲ್ಲ. ವಾಟ್ನಾಯೊಕುಲ್ ಎಂಬ ದೊಡ್ಡ ಹಿಮರಾಶಿಯಿಂದ ಇಳಿದು ಬರುವ ಒಂದು ಹಿಮನದಿ 19ನೇ ಶತಮಾನದ ಕೊನೆಗೆ ಸಮುದ್ರದಿಂದ ಸುಮಾರು ಒಂದು ಕಿಲೋಮೀಟರ್ ದೂರದವರೆಗೂ ಚಾಚಿಕೊಂಡಿತ್ತು. ಅದು ತನ್ನ ತೂಕದಿಂದ ಕೆಳಗಿನ ನೆಲವನ್ನು ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಗಿನವರೆಗೆ ಕೊರೆದಿತ್ತು. ಹವೆ ಬೆಚ್ಚಗಾಗಿ ಹಿಮ ಹಿಂದೆ ಸರಿದಂತೆ ಆ ಹೊಂಡ ಬಯಲಾಯಿತು, ಕರಗಿದ ನೀರು ತುಂಬಿತು. ಈಗ ಅದು ಐಸ್‌ಲ್ಯಾಂಡ್‌ನ ಅತಿ ಆಳದ ಕೆರೆ. ಸುಮಾರು 250 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಜೋಗದ ಎತ್ತರದಷ್ಟೇ ಆಳ. ವಾಟ್ನಾಯೊಕುಲ್ ಎಷ್ಟು ದೊಡ್ಡದು ಅಂದರೆ ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲು ಭಾಗ ಅದರಡಿ ಮುಚ್ಚಿಹೋಗುತ್ತದೆ. ಅದರ ಸುತ್ತಲಿನ ರಾಷ್ಟ್ರೀಯ ಉದ್ಯಾನ 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಈ ಕೆರೆ ಸಮುದ್ರಕ್ಕೆ ಸೇರುವ ಜಾಗ ಕರಾವಳಿಯವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಅದು ಒಂದು ಅಳಿವೆ. ಕೆರೆಯಿಂದ ಹೊರಟ ಚಿಕ್ಕ ಹೊಳೆ ಒಂದು ಕಿಲೋಮೀಟರೂ ಹರಿಯದೆ ಅಟ್ಲಾಂಟಿಕ್ ಸೇರುತ್ತದೆ. ಮೊದಲು ನೀರು ಒಂದೇ ಕಡೆ, ಹೊರಕ್ಕೆ, ಹರಿಯುತ್ತಿತ್ತು. ಹೊಳೆಯ ತಳ ಕೊರೆದು ತಗ್ಗಾದ ಮೇಲೆ ಉಬ್ಬರದ ಹೊತ್ತಿಗೆ ಸಮುದ್ರದ ಉಪ್ಪುನೀರು ಒಳಗೆ ನುಗ್ಗತೊಡಗಿತು. ಅಘನಾಶಿನಿಯಲ್ಲೋ ಕಾಳಿಯಲ್ಲೋ ಉಬ್ಬರ ಇಳಿತ ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನಿಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿ ಒಳಗೆ ಬರುವ ಸಮುದ್ರದ ನೀರು ಕೆರೆಯ ನೀರಿಗಿಂತ ಬೆಚ್ಚಗಿರುತ್ತದೆ. ಹಿಮದ ಗೋಡೆಯನ್ನು ಅದು ಬುಡದಿಂದ ತಿನ್ನುತ್ತದೆ. ಗೋಡೆ ಮುರಿದು ಬಂಡೆಗಳಾಗಿ ಬೀಳುತ್ತದೆ. ಬಂಡೆಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಕೆರೆಯಲ್ಲಿ ತೇಲಿ, ಚಿಕ್ಕದಾಗಿ, ಹೊಳೆಯ ಮೂಲಕ ಸಮುದ್ರಕ್ಕೆ ಹೋಗುತ್ತವೆ. ಅಲೆ ಅವುಗಳನ್ನು ಕಪ್ಪು ಮರಳಿನ ದಂಡೆಗೆ ವಾಪಸ್ ಎಸೆಯುತ್ತದೆ. ಡೈಮಂಡ್ ಬೀಚ್ ಎಂದು ಎಲ್ಲರೂ ಫೋಟೊ ಹೊಡೆಯುವುದು ಅದನ್ನೇ. ಉಪ್ಪುನೀರಿನ ಜೊತೆ ಮೀನು ಬರುತ್ತದೆ, ಮೀನಿನ ಹಿಂದೆ ಸೀಲ್‌ಗಳು ಬರುತ್ತವೆ. ಪ್ರವಾಸಿಗರಿಗೆ ಅದೂ ಒಂದು ಖುಷಿ.

ಇನ್ನೊಂದು ಸಂಗತಿ ಪ್ರವಾಸದ ಪುಸ್ತಕಗಳಲ್ಲಿ ಕಾಣುವುದು ಕಡಿಮೆ. ಹಿಮನದಿ ತರುವ ಕಲ್ಲು, ಮರಳು ಈಗ ಆಳದ ಕೆರೆಯಲ್ಲೇ ಕುಳಿತುಬಿಡುತ್ತದೆ. ಮೊದಲಿನಂತೆ ಸಮುದ್ರ ದಂಡೆಗೆ ತಲುಪುವುದಿಲ್ಲ. ಹಾಗಾಗಿ ಅಲ್ಲಿ ದಂಡೆ ಕೊಚ್ಚಿಹೋಗುತ್ತಿದೆ. ದೇಶವನ್ನು ಸುತ್ತುವ ಹೆದ್ದಾರಿ, 1967ರಲ್ಲಿ ಕಟ್ಟಿದ ಸೇತುವೆ ಎರಡಕ್ಕೂ ಕಡಲ್ಕೊರೆತದ ಭಯ ಇದೆ. ಹೊಳೆಗೆ ಅಣೆಕಟ್ಟು ಕಟ್ಟಿದರೆ ಮರಳು ಮೇಲೆಯೇ ನಿಲ್ಲುತ್ತದೆ, ಕೆಳಗೆ ದಂಡೆ ಬಡವಾಗುತ್ತದೆ ಎಂಬ ವಾದ ನಮ್ಮಲ್ಲೂ ಇದೆ. ಅಲ್ಲಿ ಅಣೆಕಟ್ಟಿನ ಕೆಲಸವನ್ನು ಕೆರೆಯೇ ಮಾಡುತ್ತಿದೆ.

ಅಲ್ಲಿಂದ ಪೂರ್ವಕ್ಕೆ ಹೋದರೆ ಹೋಫ್ನ್ ಎಂಬ ಮೀನುಗಾರರ ಊರು ಸಿಗುತ್ತದೆ. ಅಲ್ಲಿ ಸಮಸ್ಯೆ ತದ್ವಿರುದ್ಧ. ಮೇಲಿನ ಹಿಮದ ಭಾರ ಕಡಿಮೆಯಾದಂತೆ ನೆಲವೇ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಮೇಲೇಳುತ್ತಿದೆ. ಬಂದರಿನ ಬಾಯಿ ಆಳ ಕಳೆದುಕೊಳ್ಳುತ್ತಿದೆ, ದೊಡ್ಡ ಬೋಟುಗಳು ಒಳಗೆ ಬರುವುದು ಕಷ್ಟವಾಗುತ್ತದೆ ಎಂಬ ಚಿಂತೆ ಅಲ್ಲಿಯವರಿಗೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ಹೂಳಿನಿಂದ ತುಂಬಿ ಬೋಟುಗಳು ಸಿಕ್ಕಿಕೊಳ್ಳುತ್ತವೆ ಎಂದು ಮೀನುಗಾರರು ವರ್ಷಗಳಿಂದ ಹೇಳುತ್ತಿದ್ದಾರಲ್ಲ, ಕಾರಣ ಬೇರೆಯಾದರೂ ಪಾಡು ಅದೇ.

ಆ ಹಿಮ ಕರಗಿದ ನೀರು ಎಲ್ಲಿಗೆ ಹೋಗುತ್ತದೆ? ಸಮುದ್ರದಲ್ಲಿ ಅದು ಸಮನಾಗಿ ಹಂಚಿಕೆಯಾಗುವುದಿಲ್ಲ. ದೊಡ್ಡ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ಸ್ವಲ್ಪ ತನ್ನತ್ತ ಸೆಳೆದು ಹಿಡಿದಿರುತ್ತದೆ. ಹಿಮ ಕಡಿಮೆಯಾದಂತೆ ಆ ಹಿಡಿತ ಸಡಿಲವಾಗುತ್ತದೆ. ಹತ್ತಿರದಲ್ಲಿ ನೀರು ಇಳಿಯುತ್ತದೆ, ದೂರದ ಉಷ್ಣ ಪ್ರದೇಶಗಳಲ್ಲಿ ಸರಾಸರಿಗಿಂತ ತುಸು ಜಾಸ್ತಿ ಏರುತ್ತದೆ. 2000ದಿಂದ 2023ರವರೆಗೆ ಬರೀ ಹಿಮನದಿಗಳಿಂದಲೇ ಸಮುದ್ರ ಮಟ್ಟ ಸುಮಾರು 18 ಮಿಲಿಮೀಟರ್ ಏರಿದೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕದ ದೊಡ್ಡ ಹಿಮಹಾಸುಗಳ ಲೆಕ್ಕ ಇದರಲ್ಲಿಲ್ಲ. ಹದಿನೆಂಟು ಮಿಲಿಮೀಟರ್ ಕೇಳಿದರೆ ನಗು ಬರಬಹುದು. ಕುಮಟಾದ ಮಾಣಿಕಟ್ಟಾ ಕಡೆಯ ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರು ನಗುವುದಿಲ್ಲ. ಉಪ್ಪುನೀರು ತಡೆಯುವ ಕಟ್ಟೆ ಮತ್ತು ಉಬ್ಬರದ ನಡುವಿನ ಅಂತರ ಅಲ್ಲಿ ಮೊದಲೇ ಕಡಿಮೆ. ಕಗ್ಗ ಉಪ್ಪು ತಡೆಯುವ ತಳಿ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ ಎಂಬ ಪಟ್ಟಿಗೆ ಸೇರಿತು. ಉಬ್ಬರದ ನೀರು ನಿಧಾನಕ್ಕೆ ಏರುತ್ತಿದ್ದರೆ ಬರೀ ಆ ಫಲಕ ಏನು ಮಾಡೀತು?

ಐಸ್‌ಲ್ಯಾಂಡ್‌ನ ಜನಸಂಖ್ಯೆ ನಾಲ್ಕು ಲಕ್ಷ ದಾಟಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಯಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಅಷ್ಟು ಚಿಕ್ಕ ದೇಶಕ್ಕೆ ಈಗ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಪ್ರವಾಸಿಗರು ಬರುತ್ತಾರೆ. ಅಷ್ಟು ಜನ ಬಂದಾಗ ಸೀಸನ್ ಉದ್ದ ಮಾಡುವ ಆಸೆ ಹುಟ್ಟುವುದು ಸಹಜ. ಕೆರೆಯ ದೋಣಿ ವಿಹಾರ ಬೇಸಿಗೆಯದ್ದು, ಹೆಚ್ಚುಕಡಿಮೆ ಮೇನಿಂದ ಅಕ್ಟೋಬರ್‌ವರೆಗೆ. ಹಿಮಗುಹೆ ಚಳಿಗಾಲದ್ದು, ನವೆಂಬರ್‌ನಿಂದ ಮಾರ್ಚ್‌ವರೆಗೆ. ಯಾಕೆಂದರೆ ಈ ಗುಹೆಗಳನ್ನು ಕೊರೆಯುವುದೇ ಬೇಸಿಗೆಯಲ್ಲಿ ಹಿಮದೊಳಗೆ ಹರಿಯುವ ನೀರು. ಚಳಿಯಲ್ಲಿ ನೀರು ನಿಂತು ಹಿಮ ಗಟ್ಟಿಯಾದ ಮೇಲೆ ಒಳಗೆ ಹೋಗಬಹುದು. ಬೇಸಿಗೆಯಲ್ಲಿ ಅದೇ ಗುಹೆಯ ಸೂರು, ಗೋಡೆ ಎರಡೂ ಕರಗುತ್ತಿರುತ್ತವೆ.

2024ರ ಆಗಸ್ಟ್ 25ರಂದು ಯೊಕುಲ್ಸಾರ್ಲೋನ್‌ಗೆ ಸೇರಿದ ಅದೇ ಹಿಮನದಿಯ ಮೇಲೆ ಗೈಡ್ ಜೊತೆ ಗುಹೆ ನೋಡಲು ಹೋದ ಗುಂಪಿನ ಮೇಲೆ ಹಿಮದ ಗೋಡೆ ಕುಸಿಯಿತು. ಅಮೆರಿಕದ ಪ್ರವಾಸಿಯೊಬ್ಬರು ಸತ್ತರು, ಅವರ ಜೊತೆಗಿದ್ದ ಗರ್ಭಿಣಿ ಗಾಯಗೊಂಡರು. ಇನ್ನೂ ಇಬ್ಬರು ಒಳಗಿದ್ದಾರೆ ಎಂದು ಮರುದಿನದವರೆಗೂ ಜನ ಕೈಯಿಂದಲೇ ಹಿಮ ಕಡಿದು ಹುಡುಕಿದರು. ಕೊನೆಗೆ ಗೊತ್ತಾಗಿದ್ದು ಒಳಗೆ ಯಾರೂ ಇಲ್ಲ ಅಂತ. ಗುಂಪಿನಲ್ಲಿ 25 ಜನ ಎಂಬ ಲೆಕ್ಕ ತಪ್ಪಾಗಿತ್ತು, ಇದ್ದವರು 23. ಎಷ್ಟು ಜನರನ್ನು ಕರೆದುಕೊಂಡು ಹೋದೆವು ಎಂಬ ಪಟ್ಟಿಯೇ ಸರಿ ಇರಲಿಲ್ಲ. ಆಮೇಲೆ ಉದ್ಯಾನದವರು ನಿಯಮ ಬಿಗಿ ಮಾಡಿದರು.

ಈ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಶಿರೂರು. ಅದಕ್ಕೆ ಆರು ವಾರ ಮೊದಲಷ್ಟೇ, 2024ರ ಜುಲೈ 16ರಂದು, ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಚಹಾದಂಗಡಿ, ನಿಂತ ಲಾರಿಗಳು, ಜನ ಎಲ್ಲ ಗಂಗಾವಳಿ ಹೊಳೆಗೆ ಹೋಯಿತು. ಅಲ್ಲೂ ಮಣ್ಣಿನಡಿ ಯಾರ್ಯಾರು ಇದ್ದಾರೆ ಎಂಬುದು ಮೊದಲ ದಿನಗಳಲ್ಲಿ ಸ್ಪಷ್ಟ ಇರಲಿಲ್ಲ. ಕೇರಳದ ಲಾರಿಯೊಂದು ಹೊಳೆಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ ಕೊನೆಗೆ. ಮಲ್ಪೆಯಿಂದ ಬಂದ ಮುಳುಗುಗಾರರು ಕೆಂಪು ನೀರಿಗೆ ಇಳಿದಂತೆ, ಐಸ್‌ಲ್ಯಾಂಡ್‌ನಲ್ಲೂ ಇಂಥ ಹೊತ್ತಿಗೆ ಮೊದಲು ಓಡಿ ಬರುವವರು ಸಂಬಳ ಇಲ್ಲದ ಸ್ವಯಂಸೇವಕರೇ. ಎರಡೂ ಕಡೆ ನೆಲವನ್ನು ಹಿಡಿದಿಟ್ಟಿದ್ದದ್ದು ಸಡಿಲವಾಗಿತ್ತು, ಜನ ಅದರ ಬುಡದಲ್ಲೇ ನಿಂತಿದ್ದರು.

ಸೀಸನ್ನಿನ ಶಿಸ್ತು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ ಎಂಬುದು ಒಂದು ಕಾರಣ, ಮಳೆಗಾಲದ ಕಡಲು ಇನ್ನೊಂದು. ಧಕ್ಕೆಯಲ್ಲಿ ಬೋಟು ಕಟ್ಟಿಹಾಕಿ ಬಲೆ ನೇಯುತ್ತ ಕೂರುವವರಿಗೆ ದುಡ್ಡಿನ ಅಗತ್ಯ ಇಲ್ಲ ಅಂತಲ್ಲ. ಹಾಗಿದ್ದ ಮೇಲೆ ಆಗಸ್ಟಿನಲ್ಲಿ ಹಿಮಗುಹೆ ತೋರಿಸುತ್ತೇವೆ ಎನ್ನುವ ಪ್ಯಾಕೇಜನ್ನು ಕರಾವಳಿಯವರು ನಂಬಬಾರದು, ಅಲ್ವಾ?

ಆದರೆ ಪ್ರವಾಸಿಗರಾಗಿ ನಾವು ಬೇರೆಯೇ ಜನ ಆಗಿಬಿಡುತ್ತೇವೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಬಯಲುಸೀಮೆಯಿಂದ ಬಂದ ಮಕ್ಕಳಿಗೆ ಅಲೆ ಎಳೆಯುವ ಬಗೆ ಗೊತ್ತಿರುವುದಿಲ್ಲ. ನಾವು ಹಿಮದ ಎದುರು ನಿಂತಾಗ ಹಾಗೆಯೇ. ತೇಲುವ ಹಿಮಬಂಡೆ ಗಟ್ಟಿ ನೆಲದಂತೆ ಕಾಣುತ್ತದೆ. ಅದರ ಸುಮಾರು ಹತ್ತರಲ್ಲಿ ಒಂಬತ್ತು ಭಾಗ ನೀರಿನಡಿ ಇರುತ್ತದೆ. ಕೆಳಗಿನದು ಕರಗಿ ತೂಕ ತಪ್ಪಿದ ಕೂಡಲೇ ಬಂಡೆ ಮಗುಚಿಕೊಳ್ಳುತ್ತದೆ. ಸೆಲ್ಫಿಗೆಂದು ಹತ್ತಿ ನಿಂತವರಿಗೆ ಹಾರಿ ದಡ ಸೇರಲು ಸಮಯ ಇರುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ನೀರಿಗೆ ಬಿದ್ದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಕೈಕಾಲು ಕೆಲವೇ ನಿಮಿಷದಲ್ಲಿ ಮಾತು ಕೇಳುವುದಿಲ್ಲ. ಎಷ್ಟು ಈಜು ಬಂದರೂ ಅಷ್ಟೇ. ಆ ಕಡೆಯ ಕಪ್ಪು ಮರಳಿನ ದಂಡೆಗಳಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಅಲೆ ಒಳಗೆ ಬರುತ್ತದೆ. ರೇನಿಸ್ಫ್ಯಾರಾ ಎಂಬ ದಂಡೆಯಲ್ಲಿ ಎಷ್ಟೋ ಪ್ರವಾಸಿಗರು ಹೀಗೆ ಹೋಗಿದ್ದಾರೆ. ಈಗ ಅಲ್ಲಿ ಎಚ್ಚರಿಕೆಯ ದೀಪ ಹಾಕಿದ್ದಾರೆ. ದೀಪ ಕೆಂಪಗಿದ್ದಾಗಲೂ ಮುಂದೆ ಹೋಗುವವರು ಅಲ್ಲೂ ಇದ್ದಾರೆ. ನಮ್ಮಲ್ಲಿ ವಿಹಾರದ ಬೋಟಿನ ಮೂಲೆಯಲ್ಲಿ ಲೈಫ್ ಜಾಕೆಟ್ ಗುಡ್ಡೆ ಬಿದ್ದಿದ್ದರೂ ಹಾಕಿಕೊಳ್ಳದೆ ಕೂರುವವರು ಇಲ್ವಾ?

ಹಿಮ ಹಿಂದೆ ಸರಿದ ಹಾಗೆ ಅದನ್ನು ಮುಟ್ಟುವ ದಾರಿಯೂ ವಿಚಿತ್ರವಾಗುತ್ತದೆ. ನ್ಯೂಜಿಲೆಂಡ್‌ನ ಫ್ರಾಂಜ್ ಜೋಸೆಫ್ ಮತ್ತು ಫಾಕ್ಸ್ ಹಿಮನದಿಗಳ ಮೇಲೆ ಹಿಂದೆ ಕಣಿವೆಯಿಂದಲೇ ನಡೆದು ಹತ್ತಬಹುದಿತ್ತು. ಫ್ರಾಂಜ್ ಜೋಸೆಫ್‌ನಲ್ಲಿ 2012ರಲ್ಲಿ, ಫಾಕ್ಸ್‌ನಲ್ಲಿ 2014ರಲ್ಲಿ ಅದು ನಿಂತಿತು. ಈಗ ಹೆಲಿಕಾಪ್ಟರ್ ಬೇಕು. ಫ್ರಾನ್ಸ್‌ನ ಶಮೊನಿಯಲ್ಲಿ 1909ರಿಂದ ಪುಟ್ಟ ರೈಲು ಪ್ರವಾಸಿಗರನ್ನು ಮೆರ್ ದ ಗ್ಲಾಸ್ ಹಿಮನದಿಯ ಹತ್ತಿರಕ್ಕೆ ಒಯ್ಯುತ್ತಿದೆ. ಹಿಮ ತಗ್ಗಿದಂತೆ ಮೆಟ್ಟಿಲು ಸೇರಿಸುತ್ತ ಹೋದರು, ಅವು ಐನೂರು ದಾಟಿದವು. 2024ರಲ್ಲಿ ಇನ್ನೂ ಮೇಲಕ್ಕೆ ಹೊಸ ಗೊಂಡೋಲ ಬಂತು. ಸ್ವಿಟ್ಜರ್‌ಲ್ಯಾಂಡ್‌ನ ರೋನ್ ಹಿಮನದಿಗೆ ಬೇಸಿಗೆಯಲ್ಲಿ ಬಿಳಿ ಬಟ್ಟೆ ಹೊದೆಸುತ್ತಾರೆ, ಒಳಗೆ ಕೊರೆದ ಗುಹೆ ಉಳಿಯಲಿ ಅಂತ. ಕಾಲ್ನಡಿಗೆಯಲ್ಲಿ ಸಿಗುತ್ತಿದ್ದದ್ದು ಈಗ ಡೀಸೆಲ್, ವಿದ್ಯುತ್, ಹೆಲಿಕಾಪ್ಟರ್ ಇಂಧನ ಕೇಳುತ್ತದೆ. ಹಿಮ ಕರಗಿಸುವುದೂ ಅದೇ ಇಂಧನ.

ಹಿಮಾಲಯಕ್ಕೆ ಬಂದರೆ ಕೆರೆಯ ಅರ್ಥವೇ ಬದಲಾಗುತ್ತದೆ. ಐಸ್‌ಲ್ಯಾಂಡ್‌ನ ಕೆರೆಯ ಕೆಳಗೆ ಒಂದು ಸೇತುವೆ, ಆಮೇಲೆ ಸಮುದ್ರ. ಹಿಮಾಲಯದಲ್ಲಿ ಅಂಥದೇ ಕೆರೆಯ ಕೆಳಗೆ ಊರು, ಮಾರುಕಟ್ಟೆ, ವಿದ್ಯುತ್ ಯೋಜನೆ, ಹೋಮ್‌ಸ್ಟೇ ಎಲ್ಲ ಇರುತ್ತವೆ. ಈ ಕೆರೆಗಳನ್ನು ಹಿಡಿದಿಟ್ಟಿರುವುದು ಹಿಮನದಿ ಹಿಂದೆ ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನ ದಿಬ್ಬ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆದದ್ದು ಹಾಗೆಯೇ. 2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲೋನಕ್ ಕೆರೆಗೆ ದಡದ ದಿಬ್ಬ ಜಾರಿ ಬಿದ್ದು ನೀರು ಉಕ್ಕಿತು. ಚುಂಗ್‌ಥಾಂಗ್‌ನಲ್ಲಿದ್ದ 1,200 ಮೆಗಾವಾಟ್ ಯೋಜನೆಯ ಅಣೆಕಟ್ಟನ್ನೇ ತೀಸ್ತಾ ಹೊಳೆ ಕೊಚ್ಚಿಕೊಂಡು ಹೋಯಿತು. ಗುರುಡೋಂಗ್ಮಾರ್ ಕೆರೆಯಂಥ ಜಾಗ ನೋಡಲು ಲಾಚೆನ್, ಲಾಚುಂಗ್ ಕಡೆ ಹೋಗಿದ್ದ ಸಾವಿರಾರು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡರು.

ಇಸ್ರೊ ಉಪಗ್ರಹ ಚಿತ್ರಗಳನ್ನು ಹೋಲಿಸಿ 2024ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಭಾರತದ ಹಿಮಾಲಯ ನದಿಗಳ ಜಲಾನಯನದಲ್ಲಿ 10 ಹೆಕ್ಟೇರ್‌ಗಿಂತ ದೊಡ್ಡದಾದ 2,431 ಕೆರೆಗಳಲ್ಲಿ 676 ಕೆರೆಗಳು 1984ರಿಂದೀಚೆಗೆ ಗಮನಾರ್ಹವಾಗಿ ಹಿಗ್ಗಿವೆ. ಅವುಗಳಲ್ಲಿ 130 ನಮ್ಮ ದೇಶದೊಳಗೇ ಇವೆ. ಉದಾಹರಣೆಗೆ ಕೊಟ್ಟ ಒಂದು ಕೆರೆ ಹಿಮಾಚಲದ ಲಾಹೌಲ್‌ನ ಘೇಪನ್ ಘಾಟ್. 1989ರಲ್ಲಿ ಅದು 36 ಹೆಕ್ಟೇರ್ ಚಿಲ್ಲರೆ ಇತ್ತು, 2022ಕ್ಕೆ 101 ಹೆಕ್ಟೇರ್ ದಾಟಿತು. ಈ ಕೆರೆಯ ಕೆಳಗೆ ಇರುವುದು ಸಿಸ್ಸು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಒಂದು ಗಂಟೆಯೊಳಗೆ ಮುಟ್ಟುವ ಜಾಗ. ಹಿಮ ನೋಡಬೇಕು ಅಂದ ಪ್ರವಾಸಿಗರನ್ನೆಲ್ಲ ಟ್ಯಾಕ್ಸಿಯವರು ಈಗ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ.

ಸಿಸ್ಸುವಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿಯ ಜನ ಅಲ್ಲೇ ಬದುಕುತ್ತಿದ್ದಾರೆ. ಆದರೆ ಜುಲೈ, ಆಗಸ್ಟಿನಲ್ಲಿ ಹೊಳೆಯ ಪಾತ್ರದ ಪಕ್ಕದ ಟೆಂಟಿನಲ್ಲಿ ರಾತ್ರಿ ಮಲಗುವುದು, ಮತ್ತೆ ಅದನ್ನು ಅನುಭವ ಎಂದು ದುಡ್ಡು ಕೊಟ್ಟು ಕೊಳ್ಳುವುದು ಸುಮ್ನೆ ಅಪಾಯ ಮೈಮೇಲೆ ಎಳೆದುಕೊಂಡಂತೆ. ಟೆಂಟಿನ ಬದಲು ಹೊಳೆಯಿಂದ ಎತ್ತರದಲ್ಲಿರುವ ಮನೆಯಲ್ಲಿ ರೂಮ್ ಹಿಡಿಯಿರಿ. ಮಳೆಗಾಲದಲ್ಲಿ ನಮ್ಮ ಹೊಳೆಯಂಚಿಗೆ ಬಂದು ಟೆಂಟ್ ಹೊಡೆಯುವವರನ್ನು ಕಂಡರೆ ಏನು ಹೇಳುತ್ತೇವೋ ಅದನ್ನೇ ಅಲ್ಲಿ ನಮಗೆ ನಾವೇ ಹೇಳಿಕೊಳ್ಳಬೇಕು.

ಎತ್ತರದ ವಿಷಯ ಕಾರವಾರದವರಿಗೆ ಇನ್ನೂ ಜಾಸ್ತಿ ಮುಖ್ಯ. ಐಸ್‌ಲ್ಯಾಂಡ್‌ನ ಕೆರೆ ಸಮುದ್ರ ಮಟ್ಟದಲ್ಲೇ ಇದೆ, ಅಲ್ಲಿ ಉಸಿರಿಗೆ ತೊಂದರೆ ಇಲ್ಲ. ಕೇದಾರನಾಥ 3,580 ಮೀಟರ್ ಎತ್ತರ, ಗೋಮುಖ ಸುಮಾರು 4,000, ಗುರುಡೋಂಗ್ಮಾರ್ 5,000ಕ್ಕೂ ಹೆಚ್ಚು. ಗೋವಾದಿಂದ ಬೆಳಗ್ಗೆ ವಿಮಾನ ಹತ್ತಿ ಮಧ್ಯಾಹ್ನ ಲೇಹ್‌ನಲ್ಲಿ ಇಳಿದರೆ ದೇಹಕ್ಕೆ ಸಮುದ್ರ ಮಟ್ಟದಿಂದ 3,500 ಮೀಟರ್ ಒಂದೇ ದಿನದಲ್ಲಿ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ನಿಲ್ಲಬೇಕು ಎಂಬುದು ವೈದ್ಯರು ಹೇಳುವ ಮಾಮೂಲಿ ಲೆಕ್ಕ. ನಾಲ್ಕು ದಿನದಲ್ಲಿ ಎಲ್ಲ ಮುಗಿಸುವ ಪ್ಯಾಕೇಜಿಗೆ ಈ ಲೆಕ್ಕ ಹೊಂದುವುದಿಲ್ಲ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗಬಾರದು. ಕಡಿಮೆಯಾಗದಿದ್ದರೆ ಕೆಳಗೆ ಇಳಿಯುವುದೇ ಔಷಧ. ಯಾತ್ರೆ ಅರ್ಧಕ್ಕೆ ಬಿಟ್ಟರೆ ದೇವರು ಸಿಟ್ಟಾಗುತ್ತಾನೆ ಎನ್ನುವ ಅಜ್ಜ ಅಜ್ಜಿಯರನ್ನು ಒಪ್ಪಿಸುವುದು ಕಷ್ಟ, ಗೊತ್ತು. ಹೊರಡುವ ಮೊದಲೇ ಡಾಕ್ಟರ ಹತ್ತಿರ ಅವರೆದುರೇ ಈ ಮಾತು ಆಡಿಸಿಬಿಡುವುದು ಒಳ್ಳೆಯದು.

ಅನುಭವ ಇದ್ದವರಿಗೂ ಪರ್ವತ ಕರುಣೆ ತೋರಿಸುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಕೆರೆಗಳ ಕಡೆ ಹೋಗಿದ್ದ ಕರ್ನಾಟಕದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. 22 ಜನರಲ್ಲಿ ಒಂಬತ್ತು ಜನ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್‌ಗಳು ಕೆಳಗಿಳಿಸಿದವು. ಜೂನ್ ಅಂದರೆ ನಮ್ಮಲ್ಲಿ ಮಳೆ ಹಿಡಿಯುವ ತಿಂಗಳು. 4,400 ಮೀಟರ್ ಮೇಲೆ ಅದು ಒಂದೇ ಮಧ್ಯಾಹ್ನದಲ್ಲಿ ಬಿಸಿಲು, ಗಾಳಿ, ಹಿಮ ಮೂರೂ ಆಗಬಲ್ಲ ತಿಂಗಳು.

ಇನ್ನು ಇಂಗಾಲದ ಲೆಕ್ಕ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಳವಾಗಿ ಹೇಳಿತ್ತು: ಗಾಳಿಗೆ ಸೇರುವ ಪ್ರತಿ ಕಿಲೋ ಕಾರ್ಬನ್ ಡೈಆಕ್ಸೈಡ್ ದೀರ್ಘಕಾಲದಲ್ಲಿ ಸುಮಾರು 15 ಕಿಲೋ ಹಿಮ ಕರಗಿಸುತ್ತದೆ. ಸಾಮಾನ್ಯ ಕಾರು ಅರ್ಧ ಕಿಲೋಮೀಟರ್ ಓಡಿದರೆ ಒಂದು ಕಿಲೋ ಹಿಮ. ಅಂದರೆ ಕಾರವಾರದಿಂದ ಬೆಂಗಳೂರಿಗೆ ಒಮ್ಮೆ ಕಾರಿನಲ್ಲಿ ಹೋದರೆ ಒಂದು ಟನ್‌ಗೂ ಸ್ವಲ್ಪ ಜಾಸ್ತಿ. ಇಲ್ಲಿಂದ ಐಸ್‌ಲ್ಯಾಂಡ್‌ಗೆ ವಿಮಾನದಲ್ಲಿ ಹೋಗಿ ಬಂದರೆ ಒಬ್ಬರ ಪಾಲಿಗೆ ಒಂದೂವರೆಯಿಂದ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿದರೂ ಕರಗುವ ಹಿಮ 20ರಿಂದ 30 ಟನ್. ಇದು ನಾಳೆಯೇ ಕರಗುವುದಿಲ್ಲ, ದಶಕಗಳ, ಶತಮಾನಗಳ ಬಾಬತ್ತು. ಜೀವನದಲ್ಲಿ ಒಮ್ಮೆ ಮಗಳ ಮನೆಗೆ ಹೋದಾಗ ಪಕ್ಕದಲ್ಲಿದ್ದ ಹಿಮ ನೋಡಿ ಬರುವ ಅಮ್ಮನಿಗೆ ಈ ಲೆಕ್ಕ ಹೇಳಿ ಪಾಪಪ್ರಜ್ಞೆ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಹಿಮ ಉಳಿಸಲು ಜಾಗೃತಿ ಮೂಡಿಸುತ್ತೇವೆ ಎಂದು ವರ್ಷಕ್ಕೆ ಎರಡು ಬಾರಿ ಗುಂಪು ಕಟ್ಟಿ ವಿಮಾನ ಹತ್ತಿಸುವವರ ಮಾತು ಬೇರೆ. ನೋಡಿ ಬಂದವರ ಮನಸ್ಸು ಬದಲಾಗುತ್ತದೆ ಎಂಬ ವಾದ ಕೇಳಲು ಚೆಂದ. ಬದಲಾದ ಮನಸ್ಸು ಮುಂದಿನ ವಿಮಾನ ಟಿಕೆಟ್ ಬಿಡಿಸಿದ್ದನ್ನು ನಾನಂತೂ ನೋಡಿಲ್ಲ.

ಹತ್ತಿರದಿಂದ ಆಗುವ ಹಾನಿ ಇದಕ್ಕಿಂತ ಕಣ್ಣಿಗೆ ಕಾಣುವಂಥದ್ದು. ಡೀಸೆಲ್ ಗಾಡಿಗಳ ಮಸಿ ಹಿಮದ ಮೇಲೆ ಕೂತರೆ ಬಿಳಿ ಹಿಮ ಬಿಸಿಲನ್ನು ವಾಪಸ್ ಕಳಿಸುವುದಿಲ್ಲ, ಹೀರಿಕೊಳ್ಳುತ್ತದೆ. ರೋಹ್ತಾಂಗ್ ಕಣಿವೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿನಕ್ಕೆ ಇಷ್ಟೇ ಗಾಡಿ ಎಂದು ಮಿತಿ ಹಾಕಿದ್ದರ ಹಿಂದೆ ಈ ಕಾರಣವೂ ಇತ್ತು. ಗೋಮುಖಕ್ಕೂ ದಿನಕ್ಕೆ 150 ಜನಕ್ಕೆ ಮಾತ್ರ ಅನುಮತಿ. ಗಂಗೋತ್ರಿಯಿಂದ ಸುಮಾರು 18 ಕಿಲೋಮೀಟರ್ ನಡೆಯಬೇಕು. ಗಂಗೋತ್ರಿ ಹಿಮನದಿಯ ಮೂತಿ ಕಳೆದ ಶತಮಾನದಲ್ಲಿ ವರ್ಷಕ್ಕೆ ಸರಾಸರಿ ಇಪ್ಪತ್ತು ಮೀಟರಿನ ಆಸುಪಾಸು ಹಿಂದೆ ಸರಿದಿದೆ. ಆದರೂ ಅದು 30 ಕಿಲೋಮೀಟರ್ ಉದ್ದದ ಹಿಮನದಿ, ನಾಡಿದ್ದು ಮಾಯವಾಗುವುದಿಲ್ಲ. ಈ ವರ್ಷ ಪರ್ಮಿಟ್ ಸಿಗದಿದ್ದರೆ ಮುಂದಿನ ವರ್ಷ ಹೋಗಬಹುದು. ಕಳ್ಳದಾರಿ ತೋರಿಸುವ ಏಜೆಂಟನ ಅಗತ್ಯ ಇಲ್ಲ.

ಬುಕ್ ಮಾಡುವ ಮೊದಲು ಟೂರ್‌ನವರಿಗೆ ಒಂದು ಪ್ರಶ್ನೆ ಕೇಳಿ. ಕಳೆದ ಸೀಸನ್ನಿನಲ್ಲಿ ಹವೆ ಸರಿ ಇಲ್ಲ ಎಂದು ಎಷ್ಟು ಟ್ರಿಪ್ ರದ್ದು ಮಾಡಿದ್ದೀರಿ? ಒಂದನ್ನೂ ಮಾಡಿಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಬೇರೆಯವರನ್ನು ಹುಡುಕಿ. ರದ್ದಾದರೆ ದುಡ್ಡು ವಾಪಸ್ ಕೊಡುತ್ತೀರಾ ಎಂಬುದನ್ನೂ ಬರಹದಲ್ಲಿ ತೆಗೆದುಕೊಳ್ಳಿ, ಯಾಕೆಂದರೆ ದುಡ್ಡು ಹೋಗುತ್ತದೆ ಎಂಬ ಸಂಕಟಕ್ಕೇ ಜನ ಕೆಟ್ಟ ಹವೆಯಲ್ಲೂ ಹೊರಟುಬಿಡುತ್ತಾರೆ. ಪ್ರವಾಸದ ವಿಮೆ ಇದ್ದರೆ ಸಾಲದು. ಎಷ್ಟು ಮೀಟರ್ ಎತ್ತರದವರೆಗೆ, ಹಿಮದ ಮೇಲೆ ನಡೆಯುವುದಕ್ಕೆ, ಹೆಲಿಕಾಪ್ಟರ್‌ನಲ್ಲಿ ಕೆಳಗಿಳಿಸುವುದಕ್ಕೆ ಅದು ಅನ್ವಯ ಆಗುತ್ತದೆಯೇ ಎಂದು ನೋಡಿಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಈ ಮೂರನ್ನೂ ಹೊರಗಿಟ್ಟಿರುತ್ತಾರೆ.